ಸಾಕ್ಷಿಗೆ ಕೂತ ಹೆಲ್ವಿ

ಡಾಕ್ಟರ್ ಪೆಂಡ್ರಿ ತಾವೇ ಹೆಲ್ವಿಯ ಮನೆಗೆ ಬಂದು, ಅಡುಗೆಮನೆಯ ಮೇಜಿನ ಮುಂದೆ ಕೂತು ವಿಷಯ ಹೇಳಿದರು. ಊರಿಗೆ ಬಂದ ಇಪ್ಪತ್ತಾರು ವರ್ಷಗಳಲ್ಲಿ ಅವರು ಆ ಮನೆಗೆ ಬಂದದ್ದು ಎರಡೇ ಸಲ. ಹೆಲ್ವಿಯ ಅತ್ತೆ ಸಾಯುವ ಹೊತ್ತಿಗೆ ಒಮ್ಮೆ, ಈಗ ಇನ್ನೊಮ್ಮೆ. ಹಿಮ ಮೆತ್ತಿದ ಬೂಟುಗಳನ್ನು ಬಾಗಿಲಲ್ಲೇ ಬಿಚ್ಚಿಟ್ಟು, ಬರಿ ಕಾಲುಚೀಲದಲ್ಲಿ ಒಳಗೆ ಬಂದು, ಅವಳು ಕೊಟ್ಟ ಕಾಫಿಯನ್ನೂ ಏಲಕ್ಕಿ ಬ್ರೆಡ್ಡನ್ನೂ ಪೂರ್ತಿ ಮುಗಿಸಿದ ಮೇಲೆ ಮಾತಿಗಿಳಿದರು.

"ಹೆಲ್ವಿ, ನಿನ್ನ ನರ್ಸ್ ಲೈಸೆನ್ಸು ಇನ್ನೂ ಇದೆ ತಾನೆ?"

"ಇದೆ ಡಾಕ್ಟ್ರೇ. ಬಿಡೋಕೆ ಯಾಕೋ ಮನಸ್ಸು ಬರ್ಲಿಲ್ಲ. ಈ ವರ್ಷಾನೂ ನವೀಕರಿಸಿಕೊಂಡೆ."

"ಒಳ್ಳೇದಾಯ್ತು. ನಿನ್ನಿಂದ ಒಂದು ಉಪಕಾರ ಆಗ್ಬೇಕು. ನನ್ನ ಕೋಣೇಲಿ ಬಂದು ಕೂತ್ಕೋಬೇಕು. ಅಷ್ಟೆ, ಇನ್ನೇನೂ ಇಲ್ಲ."

ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ ಕಾಗದ ವೈದ್ಯಕೀಯ ಮಂಡಳಿಯದು. ಹಿಂದಿನ ವರ್ಷ ಊರ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಪ್ಯಾಮ್ ಡ್ರಿಸ್ಕಲ್ ಎಂಬಾಕೆ ಡಾಕ್ಟರ ಮೇಲೆ ದೂರು ಕೊಟ್ಟು ಊರು ಬಿಟ್ಟಿದ್ದಳು. ಬೆನ್ನುನೋವೆಂದು ಮೂರು ಸಲ ಹೋದರೆ ಬೆನ್ನಿಗೆ ಸಂಬಂಧವೇ ಇಲ್ಲದ ಪರೀಕ್ಷೆ ಮಾಡಿದರು, ಮುಟ್ಟಬಾರದ ಕಡೆ ಮುಟ್ಟಿದರು ಎಂಬುದು ಆಕೆಯ ದೂರು. ಅದರ ವಿಚಾರಣೆ ಮುಗಿಯುವ ತನಕ ಡಾಕ್ಟರು ಹೆಣ್ಣುಮಕ್ಕಳನ್ನು ಒಬ್ಬರೇ ನೋಡಕೂಡದು. ಮಂಡಳಿ ಒಪ್ಪಿದ ನರ್ಸೊಬ್ಬಳು ರೋಗಿ ಒಳಗೆ ಬಂದಲ್ಲಿಂದ ಹೊರಗೆ ಹೋಗುವ ತನಕ ಕೋಣೆಯಲ್ಲಿದ್ದು ನೋಡುತ್ತಿರಬೇಕು. ಪ್ರತಿಯೊಬ್ಬರ ಕಡತದಲ್ಲೂ ರುಜು ಹಾಕಬೇಕು. ತಿಂಗಳಿಗೊಂದು ವರದಿ ಕಳಿಸಬೇಕು.

"ಆ ಹುಡುಗಿ ಮನಸ್ಸು ಸ್ಥಿಮಿತದಲ್ಲಿ ಇರ್ಲಿಲ್ಲ. ನಿಂಗೇ ಗೊತ್ತಲ್ಲ," ಎಂದರು ಡಾಕ್ಟರು.

ಹೆಲ್ವಿಗೆ ಗೊತ್ತಿರಲಿಲ್ಲ. ಪ್ಯಾಮ್ ಐಸ್ ಹಾಕಿ ಆಡುವ ಜಾಗದಲ್ಲಿ ಮಕ್ಕಳ ಸ್ಕೇಟಿನ ಲೇಸು ಕಟ್ಟುತ್ತಿದ್ದಾಗ ಒಂದೆರಡು ಸಲ ಕಂಡಿದ್ದಳು, ಅಷ್ಟೆ. ಆದರೂ ತಲೆಯಾಡಿಸಿದಳು. ಮೂವತ್ತೊಂದು ವರ್ಷ ಊರಿನ ಪುಟ್ಟ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳಿಗೆ ಡಾಕ್ಟರು ಹೇಳಿದ್ದಕ್ಕೆ ತಲೆಯಾಡಿಸುವುದು ಅಭ್ಯಾಸವಾಗಿ ಹೋಗಿತ್ತು.

ಲೂನ್ ಪೋರ್ಟೇಜ್ ಎಂಬ ಆ ಊರು ಕೆನಡಾದ ಉತ್ತರದ ಕಾಡಿನ ನಡುವೆ, ಹೆದ್ದಾರಿಗೂ ರೈಲುಹಳಿಗೂ ಮಧ್ಯೆ ಇದೆ. ಕಾಗದದ ಗಿರಣಿಯಲ್ಲಿ ಅರ್ಧದಷ್ಟು ಯಂತ್ರಗಳು ನಿಂತು ಹೋಗಿ ಜನ ಎರಡು ಸಾವಿರಕ್ಕೂ ಕಡಿಮೆಯಾಗಿದ್ದರು. ಇನ್ನೊಬ್ಬ ಡಾಕ್ಟರು ಬೇಕೆಂದರೆ ಎರಡೂವರೆ ತಾಸು ಕಾರು ಓಡಿಸಿಕೊಂಡು ಫೋರ್ಟ್ ಹೆರಿಕ್‌ಗೆ ಹೋಗಬೇಕು. ಚಳಿಗಾಲದಲ್ಲಿ ಹೆದ್ದಾರಿ ಮುಚ್ಚಿದರೆ ಅದೂ ಇಲ್ಲ. ಹೆಲ್ವಿಯ ಅಜ್ಜ ಮರ ಕಡಿಯಲು ಫಿನ್ಲೆಂಡಿನಿಂದ ಬಂದವನು. ಅವಳು ಹುಟ್ಟಿದ್ದು, ನರ್ಸಾದದ್ದು, ಗಿರಣಿಯ ಆರ್ವೋನನ್ನು ಮದುವೆಯಾದದ್ದು ಎಲ್ಲ ಅಲ್ಲೇ. ಒಂದು ಮಾರ್ಚಿನಲ್ಲಿ ಎರಡು ದಿನ ಹಿಮಗಾಳಿ ಹೊಡೆದು ದಾರಿಯೆಲ್ಲ ಮುಚ್ಚಿದಾಗ, ರಕ್ತ ನಿಲ್ಲದ ಬಾಣಂತಿಯೊಬ್ಬಳನ್ನು ಡಾಕ್ಟರ್ ಪೆಂಡ್ರಿಯೂ ಅವಳೂ ಸೇರಿ ಉಳಿಸಿಕೊಂಡಿದ್ದರು. ಅಂಥ ಮನುಷ್ಯನ ದವಾಖಾನೆ ತಾನು ಒಪ್ಪದಿದ್ದರೆ ಮುಚ್ಚಿಹೋಗುತ್ತದೆ ಎಂದುಕೊಂಡು ಕಾಗದಕ್ಕೆ ರುಜು ಹಾಕಿದಳು.

"ಡಾಕ್ಟರ ಸಂಬಳ ತಗೊಂಡು ಡಾಕ್ಟರನ್ನೇ ಕಾಯೋದು," ಎಂದು ಆರ್ವೋ ನಕ್ಕ. "ಎಂಥಾ ಕೆಲಸ ಹಿಡಿದ್ಯೇ ನೀನು."

ಹೆಣ್ಣುಮಕ್ಕಳನ್ನು ನರ್ಸಿನ ಎದುರೇ ನೋಡಲಾಗುವುದು ಎಂಬ ಫಲಕವನ್ನು ಕಾಯುವ ಕೋಣೆಯ ಗೋಡೆಗೆ ಹಾಕಿದ ದಿನ ಊರೆಲ್ಲ ಅದನ್ನೇ ಆಡಿಕೊಂಡಿತು. ಚೀಟಿ ಬರೆಯುವ ಡೊರೀನ್ ಮೊದಲ ಬೆಳಿಗ್ಗೆಯೇ, "ಬಾಮ್ಮ ಪೊಲೀಸಮ್ಮ, ಲಾಠಿ ತಂದಿದೀಯಾ?" ಎಂದಳು. ದಿನಸಿ ಅಂಗಡಿಯಲ್ಲಿ ಗಂಡಸರು, "ಏನು ಹೆಲ್ವಿ, ಇವತ್ತು ಎಷ್ಟು ಜನರ ಮಾನ ಕಾಪಾಡ್ದೆ?" ಎಂದು ಕೇಳುವರು. ಅವಳಿಗೂ ಮೊದಮೊದಲು ನಗು ಬರುತ್ತಿತ್ತು.

ಆಮೇಲಾಮೇಲೆ ನಗು ನಿಂತಿತು. ಹೆಂಗಸರು ಕೋಣೆಯೊಳಗೆ ಬಂದು, ಮೂಲೆಯಲ್ಲಿ ಕೂತ ಅವಳನ್ನು ನೋಡಿ, ಬಾಯಿಗೆ ಬಂದ ಮಾತನ್ನು ನುಂಗಿಕೊಳ್ಳುತ್ತಿದ್ದರು. ಹೈಸ್ಕೂಲಿನಿಂದ ಗೆಳತಿಯಾಗಿದ್ದ ನೋರೀನ್ ಒಂದು ದಿನ ಬಂದಳು. ಕೆಮ್ಮಿದರೂ ಸೀನಿದರೂ ಬಟ್ಟೆ ಒದ್ದೆಯಾಗುತ್ತದೆ ಎಂದು ಹೇಳಬೇಕಾಗಿತ್ತು. ಹೆಲ್ವಿಯ ಕಡೆ ತಿರುಗಿಯೂ ನೋಡದೆ ನೆಲ ನೋಡಿಕೊಂಡು ಹೇಳಿದಳು. ಮೂವತ್ತು ವರ್ಷದಿಂದ ಪ್ರತಿ ಶನಿವಾರ ಹೆಲ್ವಿಯ ಹಿತ್ತಲಿನ ಬೆವರುಮನೆಗೆ ಹಬೆಸ್ನಾನಕ್ಕೆ ಬರುತ್ತಿದ್ದವಳು ಆ ವಾರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಏಕೆಂದು ಕೇಳುವ ಹಾಗೂ ಇರಲಿಲ್ಲ. ಕೇಳಿದರೆ ಕೋಣೆಯ ಮಾತನ್ನು ಹೊರಗೆ ಆಡಿದಂತಾಗುತ್ತಿತ್ತು.

ಡಾಕ್ಟರ ಕೈಗಳ ಬಗ್ಗೆ ಹೇಳುವುದಾದರೆ, ಅವು ಒಂದು ಸಲವೂ ತಪ್ಪಲಿಲ್ಲ. ಹೊದಿಕೆ ಎಲ್ಲಿರಬೇಕೋ ಅಲ್ಲಿರುತ್ತಿತ್ತು. ಏನು ಮಾಡುತ್ತೇನೆಂದು ಮೊದಲೇ ಹೇಳಿ, ಒಪ್ಪಿಗೆ ಕೇಳಿ ಮುಟ್ಟುವರು. ಮುಗಿದ ಮೇಲೆ ಹೆಲ್ವಿಯ ಕಡೆ ಒಮ್ಮೆ ನೋಡುವರು. ಆರು ತಿಂಗಳು ಅವಳು ಮಂಡಳಿಗೆ ಒಂದೇ ಸಾಲು ಬರೆದು ಕಳಿಸಿದಳು: ಅನುಚಿತವಾದದ್ದೇನೂ ಕಾಣಲಿಲ್ಲ.

ಜೋಸೀ ತಿಬೋ ಬರಲು ಶುರು ಮಾಡಿದ್ದು ಆ ಬೇಸಿಗೆಯಲ್ಲಿ. ಇಪ್ಪತ್ತೆಂಟರ ಹೆಂಗಸು, ದಿನಸಿ ಅಂಗಡಿಯ ಕೌಂಟರಿನಲ್ಲಿ ಕೆಲಸ. ಮರದ ದಿಮ್ಮಿ ಸಾಗಿಸುತ್ತಿದ್ದ ಗಂಡ ಲೂಕ್ ಲಾರಿ ಉರುಳಿ ಸತ್ತು ಒಂದೂವರೆ ವರ್ಷವಾಗಿತ್ತು. ಆರು ವರ್ಷದ ಮಗಳಿದ್ದಳು. ಜೋಸೀಗೆ ನಿದ್ದೆ ಬರುತ್ತಿರಲಿಲ್ಲ. ಬಂದರೂ ಬೆಚ್ಚಿ ಏಳುತ್ತಿದ್ದಳು. ಡಾಕ್ಟರು ನಿದ್ದೆ ಮಾತ್ರೆ ಬರೆದುಕೊಟ್ಟರು. ಒಂದು ತಿಂಗಳಿಗೆ ಕೊಡಬಹುದಾದದ್ದನ್ನು ಒಂದು ವಾರಕ್ಕಷ್ಟೇ ಕೊಟ್ಟು, "ಮುಗಿದ ತಕ್ಷಣ ಬಾ, ನೋಡೋಣ," ಎಂದರು.

ಅವಳ ಸರದಿ ಯಾವಾಗಲೂ ದಿನದ ಕೊನೆಗೆ ಬೀಳುತ್ತಿತ್ತು. ಬೇರೆಯವರಿಗೆ ಹತ್ತು ನಿಮಿಷವಾದರೆ ಅವಳಿಗೆ ಮುಕ್ಕಾಲು ಗಂಟೆ. ಡಾಕ್ಟರು ಗಾಲಿ ಸ್ಟೂಲನ್ನು ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು ಕೂರುವರು. ತಾಗುತ್ತಿರಲಿಲ್ಲ. ಹೆಲ್ವಿ ಮೂಲೆಯಿಂದ ಬಗ್ಗಿ ಬಗ್ಗಿ ನೋಡಿದ್ದಳು, ತಾಗುತ್ತಿರಲಿಲ್ಲ.

"ಇಷ್ಟು ಚೆನ್ನಾಗಿರೋ ಹುಡುಗಿ ಹೀಗೆ ಅಳ್ತಾ ಕೂತ್ರೆ ಹೇಗೆ ಹೇಳು," ಎನ್ನುವರು. "ನಿಮ್ಮಮ್ಮಂಗೆ ಇದೆಲ್ಲ ಅರ್ಥ ಆಗಲ್ಲ. ಏನಿದ್ರೂ ನಂಗೆ ಹೇಳು. ನಮ್ಮನೇಲೂ ಹಾಗೇನೆ, ನನ್ನ ಮಾತು ಕೇಳೋರು ಯಾರೂ ಇಲ್ಲ."

ಒಂದು ದಿನ ಮದ್ದಿನ ಚೀಟಿಯ ಹಿಂಬದಿಯಲ್ಲಿ ತಮ್ಮ ಸ್ವಂತ ಫೋನ್ ನಂಬರು ಬರೆದುಕೊಟ್ಟರು. ಹೆಲ್ವಿ ರೋಗಿಯ ಹೆಸರು ಹಾಕದೆ ಅದನ್ನು ವರದಿಯಲ್ಲಿ ಬರೆದಳು. ಮಾತುಗಳನ್ನೂ ನೆನಪಿದ್ದಷ್ಟು ಹಾಗೆ ಹಾಗೇ ಬರೆದಳು. ಮಂಡಳಿಯಿಂದ ವರದಿ ತಲುಪಿತೆಂದು ಒಂದು ಸಾಲು ಬಂತು.

ಅದಾದ ಎರಡು ವಾರಕ್ಕೆ ಜೋಸೀ ದವಾಖಾನೆಗೆ ಬರುವುದು ನಿಂತಿತು. ಮಾತ್ರೆ ಮಾತ್ರ ನಿಲ್ಲಲಿಲ್ಲ.

"ಅವಳದ್ದೆಲ್ಲ ಈಗ ಫೋನಲ್ಲೇ," ಎಂದಳು ಡೊರೀನ್, ಕಡತ ಜೋಡಿಸುತ್ತಾ. "ಫೋನಿಗೆ ನೀನು ಬೇಕಾಗಿಲ್ವಂತೆ. ಡಾಕ್ಟ್ರು ಅವರ ವಕೀಲರನ್ನ ಕೇಳಿದ್ರು."

"ಡೊರೀನ್, ನಿಂಗೇನೂ ಅನ್ಸಲ್ವಾ?"

ಡೊರೀನ್ ಕೈ ನಿಲ್ಲಿಸಿ ಅವಳ ಮುಖ ನೋಡಿದಳು. "ನಂಗೆ ಪಿಂಚಣಿಗೆ ಇನ್ನು ನಾಲ್ಕು ವರ್ಷ ಇದೆ ಹೆಲ್ವಿ," ಎಂದಳು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಡಾಕ್ಟರ ನೀಲಿ ಟ್ರಕ್ಕು ಜೋಸೀಯ ಮನೆಯ ಮುಂದೆ ನಿಂತದ್ದನ್ನು ಹೆಲ್ವಿ ಕಂಡಳು. ಇನ್ನೊಂದು ದಿನ ಪೆಟ್ರೋಲ್ ಬಂಕಿನಲ್ಲಿ ಅದೇ ಟ್ರಕ್ಕಿನ ಮುಂದಿನ ಸೀಟಿನಲ್ಲಿ ಜೋಸೀ ಕೂತಿದ್ದಳು. ಹೆಲ್ವಿಯನ್ನು ಕಂಡವಳೇ ಮುಖ ಆಚೆ ತಿರುಗಿಸಿದಳು. ಹೆಲ್ವಿ ಮನೆಗೆ ಬಂದು ಮಂಡಳಿಗೆ ಫೋನ್ ಮಾಡಿದಳು. ಆ ಕಡೆಯ ಅಧಿಕಾರಿ ಎಳೆಯ ದನಿಯವನು, ಬಹಳ ಮರ್ಯಾದೆಯಿಂದ ಮಾತಾಡಿದ.

"ಕೋಣೆಯೊಳಗೆ ಏನಾದ್ರೂ ನಡೀತಾ ಮೇಡಂ?"

"ಕೋಣೇಲಿ ಇಲ್ಲ. ಹೊರಗೆ."

"ಏನು ನಡೀತು ಅಂತ ನೀವು ಕಣ್ಣಾರೆ ನೋಡಿದ್ರಾ?"

"ಟ್ರಕ್ ನೋಡ್ದೆ."

"ಆ ಮಹಿಳೆ ದೂರು ಕೊಟ್ಟಿದಾರಾ?"

"ಅವಳು ಕೊಡಲ್ಲ ಕಣಪ್ಪ. ಕೊಡೋ ಸ್ಥಿತೀಲಿ ಇದ್ದಿದ್ರೆ ನಾನ್ಯಾಕೆ ಫೋನ್ ಮಾಡ್ತಿದ್ದೆ?"

"ನಿಮ್ಮ ಕಳಕಳಿ ಅರ್ಥ ಆಗುತ್ತೆ ಮೇಡಂ. ದಾಖಲು ಮಾಡ್ಕೋತೀನಿ."

ಆರ್ವೋನಿಗೆ ಹೇಳುವ ಹಾಗಿರಲಿಲ್ಲ. ಜೋಸೀಯ ತಾಯಿಗೂ ಹೇಳುವ ಹಾಗಿರಲಿಲ್ಲ. ಕೋಣೆಯಲ್ಲಿ ಕೇಳಿದ್ದು ಬಾಯಿಬಿಟ್ಟರೆ ಲೈಸೆನ್ಸು ಹೋಗುತ್ತಿತ್ತು. ಕೊನೆಗೆ ಜೋಸೀಯ ಹತ್ತಿರವೇ ಹೋದಳು. ಅಂಗಡಿಯ ಹಿಂದೆ, ಖಾಲಿ ರಟ್ಟಿನ ಪೆಟ್ಟಿಗೆ ಒಟ್ಟುವ ಜಾಗದಲ್ಲಿ ಅವಳು ಬಿಡುವಿನಲ್ಲಿ ನಿಂತು ಸಿಗರೇಟು ಸೇದುತ್ತಿದ್ದಳು.

"ಜೋಸೀ, ನಿನ್ನ ಔಷಧಿ ವಿಷಯಕ್ಕೆ ಫೋರ್ಟ್ ಹೆರಿಕ್‌ನಲ್ಲಿ ಬೇರೆ ಡಾಕ್ಟರನ್ನ ನೋಡೋಣ್ವಾ? ನಾನೇ ಕರ್ಕೊಂಡು ಹೋಗ್ತೀನಿ."

"ಯಾಕೆ?"

"ಡಾಕ್ಟರಾದವರು ರೋಗಿ ಮನೆಗೆ ಹಾಗೆಲ್ಲ ಬರಬಾರದಮ್ಮ."

ಜೋಸೀಯ ಮುಖ ಕೆಂಪೇರಿತು. "ಕೋಣೇಲಿ ಮೂಲೇಲಿ ಕೂತು ನಾನು ಅಳೋದನ್ನೆಲ್ಲ ನೋಡಿದ್ದು ಸಾಲ್ದಾ ನಿಮಗೆ? ಈಗ ಬೀದೀಲೂ ನೋಡ್ಬೇಕಾ? ಲೂಕ್ ಸತ್ತಾಗ ಊರೋರು ಎರಡು ವಾರ ಬ್ರೆಡ್ಡು, ಸೂಪು ಅಂತ ತಂದುಕೊಟ್ರು. ಆಮೇಲೆ ಒಬ್ರೂ ಬರ್ಲಿಲ್ಲ. ನೀವೂ ಬರ್ಲಿಲ್ಲ. ಅವರೊಬ್ರೇ ಬಂದಿದ್ದು."

ಅವಳು ಹೇಳಿದ್ದು ನಿಜವಾಗಿತ್ತು.

ಆ ದಿನಗಳಲ್ಲೇ ಹಳೆಯದೊಂದು ನೆನಪು ಅವಳನ್ನು ಕಾಡತೊಡಗಿತು. ಹದಿನೈದು ಹದಿನಾರು ವರ್ಷದ ಹಿಂದೆ, ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಗ, ಹೊಸದಾಗಿ ಮದುವೆಯಾಗಿ ಊರಿಗೆ ಬಂದ ಹೆಂಗಸೊಬ್ಬಳು ಪಾದ ಉಳುಕಿಸಿಕೊಂಡು ಬಂದಿದ್ದಳು. ಡಾಕ್ಟರ್ ಪೆಂಡ್ರಿ ಪರದೆ ಎಳೆದುಕೊಂಡು ಬಹಳ ಹೊತ್ತು ನೋಡಿದ್ದರು. ಆಮೇಲೆ ಕಾಲಿಗೆ ಪಟ್ಟಿ ಸುತ್ತುತ್ತಿದ್ದ ಹೆಲ್ವಿಯನ್ನು ಆಕೆ ಮೆಲ್ಲಗೆ ಕೇಳಿದಳು: "ಪಾದ ಉಳುಕಿದ್ದಕ್ಕೆ ಇಷ್ಟೆಲ್ಲಾ ಪರೀಕ್ಷೆ ಮಾಡ್ಬೇಕಾ?" ಹೆಲ್ವಿ ತಲೆ ಎತ್ತದೆ, "ಡಾಕ್ಟರಿಗೆ ಗೊತ್ತಿರುತ್ತಮ್ಮ," ಎಂದಿದ್ದಳು. ಅಂದು ಇಪ್ಪತ್ತು ಜನ ರೋಗಿಗಳಿದ್ದರು. ಆಕೆಯ ಹೆಸರು ಕೂಡ ಈಗ ನೆನಪಿಗೆ ಬರುತ್ತಿರಲಿಲ್ಲ. ಎಷ್ಟು ಯೋಚಿಸಿದರೂ ಬರಲಿಲ್ಲ.

ಮಂಡಳಿಯ ವಿಚಾರಣೆ ಮುಂದಿನ ಏಪ್ರಿಲಿನಲ್ಲಿ, ದಕ್ಷಿಣದ ದೊಡ್ಡ ನಗರದಲ್ಲಿ ನಡೆಯಿತು. ಹೆಲ್ವಿಯನ್ನು ಸಾಕ್ಷಿಗೆ ಕರೆಸಿದ್ದು ಡಾಕ್ಟರ ಕಡೆಯ ವಕೀಲರು. ಅವಳು ರೈಲಿನಲ್ಲಿ ಒಂದು ಇಡೀ ದಿನ ಕೂತು, ಹೇಳಬೇಕಾದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದಳು. ಜೋಸೀಯ ಹೆಸರು ಹಾಕದೆ ಫೋನ್ ನಂಬರಿನ ವಿಷಯ, ಸ್ಟೂಲಿನ ವಿಷಯ, ಪಾದ ಉಳುಕಿದವಳ ವಿಷಯ, ಎಲ್ಲ ಬರೆದಿದ್ದಳು.

ಸಭಾಂಗಣದ ಒಂದು ಬದಿಗೆ ಪ್ಯಾಮ್ ಡ್ರಿಸ್ಕಲ್ ಕೂತಿದ್ದಳು. ಕೂದಲು ಗಿಡ್ಡವಾಗಿ ಕತ್ತರಿಸಿಕೊಂಡಿದ್ದಳು. ಇನ್ನೊಂದು ಬದಿಗೆ ಡಾಕ್ಟರ್ ಪೆಂಡ್ರಿ. ಹೆಲ್ವಿಯನ್ನು ಕಂಡು ಅವರು ತಲೆ ಬಾಗಿಸಿದರು. ಅವಳೂ ಅರಿವಿಲ್ಲದೆ ಬಾಗಿಸಿದಳು.

ವಕೀಲರು ಕೇಳಿದರು: "ಹದಿನಾಲ್ಕು ತಿಂಗಳಲ್ಲಿ ನೀವು ಎಷ್ಟು ಭೇಟಿಗಳಿಗೆ ಹಾಜರಿದ್ರಿ?"

"ಎರಡು ಸಾವಿರದ ಮೇಲೆ."

"ಅಷ್ಟರಲ್ಲಿ ಒಂದು ಸಲವಾದ್ರೂ ಡಾಕ್ಟರು ರೋಗಿಯನ್ನ ಅನುಚಿತವಾಗಿ ಮುಟ್ಟಿದ್ದನ್ನ ನೋಡಿದ್ರಾ?"

"ಮುಟ್ಟಿದ್ದನ್ನ ನೋಡ್ಲಿಲ್ಲ. ಆದ್ರೆ..."

"ನೋಡಿದ್ರಾ, ಇಲ್ವಾ ಅಷ್ಟು ಹೇಳಿ."

"ಇಲ್ಲ."

"ಧನ್ಯವಾದ."

"ನಂಗೆ ಇನ್ನೂ ಹೇಳೋದಿದೆ," ಎಂದು ಹೆಲ್ವಿ ಚೀಲದಿಂದ ಹಾಳೆ ತೆಗೆದಳು.

ಪೀಠದ ನಡುವೆ ಕೂತಿದ್ದ ಹೆಂಗಸು, ಈ ವಿಚಾರಣೆ ಪ್ಯಾಮ್ ಡ್ರಿಸ್ಕಲ್ ಅವರ ದೂರಿಗೆ ಮಾತ್ರ ಸೇರಿದ್ದು, ಬೇರೆ ವಿಷಯವಿದ್ದರೆ ಲಿಖಿತವಾಗಿ ಮಂಡಳಿಗೆ ಕೊಡಬಹುದು ಎಂದು ನಯವಾಗಿ ಹೇಳಿದಳು. ಮಂಡಳಿಯ ಪರ ವಕೀಲ ಎರಡು ಪ್ರಶ್ನೆ ಕೇಳಿದ. ಎರಡೂ ರುಜುವಿನ ಕ್ರಮಕ್ಕೆ ಸಂಬಂಧಿಸಿದ್ದವು. ಹತ್ತೇ ನಿಮಿಷದಲ್ಲಿ ಅವಳ ಸಾಕ್ಷಿ ಮುಗಿದುಹೋಯಿತು. ಹಾಳೆಯನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಹೊರಗೆ ಲಿಫ್ಟಿನ ಹತ್ತಿರ ಪ್ಯಾಮ್ ಒಬ್ಬಳೇ ನಿಂತಿದ್ದಳು. ಹೆಲ್ವಿ ದೂರದಲ್ಲೇ ನಿಂತಳು. ಪ್ಯಾಮಳೇ ಮಾತಾಡಿಸಿದಳು.

"ಆ ಕೋಣೇಲಿ ಈಗ್ಲೂ ಹಸಿರು ಪರದೆ ಇದೆಯಾ? ಮೀನಿನ ಚಿತ್ರದ್ದು?"

"ಇದೆ."

ಪ್ಯಾಮ್ ತಲೆಯಾಡಿಸಿದಳು. "ನಾನು ಆ ಮೀನುಗಳನ್ನ ಎಣಿಸ್ತಾ ಇದ್ದೆ," ಎಂದಳು. ಲಿಫ್ಟು ಬಂತು. ಅವಳು ಹತ್ತಿ ಹೋದಳು. ಹೆಲ್ವಿ ಇನ್ನೊಂದು ಲಿಫ್ಟಿಗೆ ಕಾದಳು.

ತೀರ್ಪು ಜೂನಿನಲ್ಲಿ ಬಂತು. ಪರೀಕ್ಷೆಯ ಕ್ರಮ ಸರಿಯಿರಲಿಲ್ಲ, ಆದರೆ ಉದ್ದೇಶ ಕೆಟ್ಟದೆಂದು ಸಾಬೀತಾಗಿಲ್ಲ ಎಂದು ಬರೆದಿದ್ದರು. ಆಮೇಲಿನ ಎರಡು ಸಾವಿರ ಭೇಟಿಗಳಲ್ಲಿ ತಪ್ಪು ಕಂಡಿಲ್ಲವೆಂಬ ನರ್ಸಿನ ಸಾಕ್ಷಿಯನ್ನು ಒಂದು ಕಾರಣವಾಗಿ ತೋರಿಸಿದ್ದರು. ನಾಲ್ಕು ತಿಂಗಳು ಅಮಾನತು, ವೃತ್ತಿಧರ್ಮದ ಬಗ್ಗೆ ಒಂದು ತರಗತಿ, ಮರಳಿದ ಮೇಲೆ ಇನ್ನೊಂದು ವರ್ಷ ನರ್ಸಿನ ಕಾವಲು. ಡಾಕ್ಟರಿಲ್ಲದ ಆ ನಾಲ್ಕು ತಿಂಗಳು ಊರಿನ ಜನ ಫೋರ್ಟ್ ಹೆರಿಕ್‌ಗೆ ಓಡಾಡಿ ಬೇಸತ್ತು ಪ್ಯಾಮ್‌ಗೆ ಶಾಪ ಹಾಕಿದರು. ಡಾಕ್ಟರು ಮರಳಿ ಬಂದ ವಾರ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಆಟದ ಕ್ಲಬ್ಬಿನಲ್ಲಿ ಔತಣವಿಟ್ಟರು. ಆರ್ವೋ ಹೋಗೋಣವೆಂದ. ಹೆಲ್ವಿ ತಲೆನೋವೆಂದಳು.

ಆ ಔತಣವಾಗಿ ಮೂರನೆಯ ದಿನ ಬೆಳಿಗ್ಗೆ ಜೋಸೀ ಅವಳ ಬಾಗಿಲಿಗೆ ಬಂದಳು. ಕೈಯಲ್ಲಿ ದವಾಖಾನೆಯ ಲಕೋಟೆ. ವೈದ್ಯ-ರೋಗಿ ಸಂಬಂಧ ಇಂದಿಗೆ ಮುಗಿದಿದೆ, ಬೇರೆ ವೈದ್ಯರನ್ನು ನೋಡಿಕೊಳ್ಳತಕ್ಕದ್ದು ಎಂದು ಅದರಲ್ಲಿತ್ತು. ಕೆಳಗೆ ಡಾಕ್ಟರ ರುಜು. ಅಕ್ಷರ ಟೈಪು ಮಾಡಿದ್ದು ಡೊರೀನ್ ಎಂದು ಹೆಲ್ವಿಗೆ ನೋಡಿದ ಕೂಡಲೇ ಗೊತ್ತಾಯಿತು.

"ಫೋನ್ ಎತ್ತುತ್ತಿಲ್ಲ," ಎಂದಳು ಜೋಸೀ. "ನಂಬರ್ ಬದಲಾಯಿಸಿದಾರೆ. ಅಮಾನತಿಗೆ ಮುಂಚೆ ಒಟ್ಟಿಗೆ ಬರೆದುಕೊಟ್ಟಿದ್ದ ಮಾತ್ರೆ ಮುಗಿದು ನಾಲ್ಕು ದಿನ ಆಯ್ತು. ಕೈ ನೋಡಿ."

ಕೈ ತರಗೆಲೆಯಂತೆ ಅದುರುತ್ತಿತ್ತು. ಹೆಲ್ವಿ ಕೋಟು ಹಾಕಿಕೊಂಡು ಕಾರು ತೆಗೆದಳು. ಫೋರ್ಟ್ ಹೆರಿಕ್‌ನ ದಾರಿ ಅರ್ಧ ಮುಗಿದ ಮೇಲೆ ಜೋಸೀ ಕಿಟಕಿಯ ಕಡೆ ಮುಖ ಮಾಡಿಕೊಂಡು ಸ್ವಲ್ಪ ಸ್ವಲ್ಪವೇ ಹೇಳಿದಳು. ಎಲ್ಲವನ್ನೂ ಹೇಳಲಿಲ್ಲ. ಹೇಳಿದಷ್ಟೇ ಸಾಕಾಗಿತ್ತು.

"ನಾನು ಬೇಡ ಅನ್ನಲಿಲ್ಲ," ಎಂದಳು. "ಬೇಡ ಅಂದಿದ್ರೆ ಮಾತ್ರೆ ಕೊಡ್ತಿದ್ರೋ ಇಲ್ವೋ. ಅದೂ ಗೊತ್ತಿಲ್ಲ ನಂಗೆ. ಕೇಳೇ ಇಲ್ಲ. ಅವರಂತೂ ಒಳ್ಳೇ ಮಾತೇ ಆಡ್ತಿದ್ರು."

"ನೀನು ಅವರ ರೋಗಿ ಜೋಸೀ. ನೀನು ಏನೇ ಅಂದಿದ್ರೂ ತಪ್ಪು ಅವರದೇ."

"ಹಾಗಂತ ಊರೋರಿಗೆ ಹೇಳಿ ನೋಡೋಣ."

ಫೋರ್ಟ್ ಹೆರಿಕ್ ಆಸ್ಪತ್ರೆಯಲ್ಲಿ ಆರು ತಾಸು ಕಾದರು. ಒಬ್ಬ ಹೊಸ ಡಾಕ್ಟರಮ್ಮ ನೋಡಿ, ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬಾರದೆಂದು ಕಡಿಮೆ ಮಾಡುತ್ತಾ ಬರುವ ಕ್ರಮ ಬರೆದುಕೊಟ್ಟಳು. ಮರಳುವಾಗ ಹೆಲ್ವಿ ದೂರಿನ ಮಾತೆತ್ತಿದಳು. ತಾನೂ ಜೊತೆಗೆ ರುಜು ಹಾಕುತ್ತೇನೆ, ನಗರಕ್ಕೂ ಬರುತ್ತೇನೆ ಎಂದಳು.

"ಪ್ಯಾಮ್ ಟೀಚರ್‌ಗೆ ಏನಾಯ್ತು ಅಂತ ನೋಡಿದೀನಿ," ಎಂದಳು ಜೋಸೀ. "ನನ್ನ ಮಗಳು ಇದೇ ಶಾಲೆಗೆ ಹೋಗ್ಬೇಕು. ಬೇಡ. ನೀವೂ ಯಾರಿಗೂ ಹೇಳ್ಬೇಡಿ. ಆಣೆ ಇಡಿ."

ಹೆಲ್ವಿ ಆಣೆ ಇಡಲಿಲ್ಲ. ಇಡುವುದಿಲ್ಲವೆಂದೂ ಹೇಳಲಿಲ್ಲ.

ಮರುದಿನ ಅವಳು ಕೆಲಸ ಬಿಟ್ಟಳು. ಡಾಕ್ಟರು ಕಾರಣ ಕೇಳಲಿಲ್ಲ. "ಸುಸ್ತಾಗಿರ್ಬೇಕು ನಿಂಗೆ. ವಿಶ್ರಾಂತಿ ತಗೋ," ಎಂದರು. ಒಂದೇ ವಾರದಲ್ಲಿ ಪಕ್ಕದ ಊರಿನಿಂದ ನಿವೃತ್ತ ನರ್ಸೊಬ್ಬಳು ಬಂದು ಸೇರಿಕೊಂಡಳು. ಹೆಲ್ವಿ ತಾನು ಕಂಡದ್ದನ್ನೂ, ಪಾದ ಉಳುಕಿದವಳಿಗೆ ತಾನು ಕೊಟ್ಟ ಉತ್ತರವನ್ನೂ ಹನ್ನೊಂದು ಪುಟ ಬರೆದು ಮಂಡಳಿಗೆ ಅಂಚೆಯಲ್ಲಿ ಹಾಕಿದಳು. ಜೋಸೀಯ ಹೆಸರು ಬರೆಯಲಿಲ್ಲ. ಇನ್ನೊಬ್ಬಳ ಹೆಸರು ಗೊತ್ತೇ ಇರಲಿಲ್ಲ. ರೋಗಿಗಳ ಹೆಸರು ಮತ್ತು ಒಪ್ಪಿಗೆ ಇಲ್ಲದೆ ಮುಂದುವರಿಯುವುದು ಕಷ್ಟ, ಆದರೂ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅಂಗಳದ ಹಿಮ ಎತ್ತುತ್ತಿದ್ದ ಆರ್ವೋ ಎದೆ ಹಿಡಿದುಕೊಂಡು ಕುಸಿದ. ಹೆದ್ದಾರಿ ಮುಚ್ಚಿತ್ತು. ರೋಗಿಗಳನ್ನು ನಗರಕ್ಕೆ ಒಯ್ಯುವ ವಿಮಾನವೂ ಇಳಿಯುವಂತಿರಲಿಲ್ಲ. ಡಾಕ್ಟರ್ ಪೆಂಡ್ರಿ ಹತ್ತು ನಿಮಿಷದಲ್ಲಿ ಆಸ್ಪತ್ರೆಗೆ ಬಂದರು. ಒಂಬತ್ತು ತಾಸು ಅವನ ಮಂಚದ ಪಕ್ಕದಿಂದ ಏಳದೆ, ಔಷಧಿ ಕೊಡುತ್ತಾ, ನಗರದ ಹೃದಯ ತಜ್ಞರೊಡನೆ ಫೋನಿನಲ್ಲಿ ಮಾತಾಡುತ್ತಾ ಅವನನ್ನು ಉಳಿಸಿಕೊಟ್ಟರು. ಬೇರೆ ಯಾರಿದ್ದರೂ ಆರ್ವೋ ಉಳಿಯುತ್ತಿದ್ದನೋ ಇಲ್ಲವೋ. ಅದು ಹೆಲ್ವಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಈಗ ತಿಂಗಳಿಗೊಮ್ಮೆ ಅವನನ್ನು ಕರೆದುಕೊಂಡು ದವಾಖಾನೆಗೆ ಹೋಗುತ್ತಾಳೆ. ಗಂಡಸು ರೋಗಿಯಾದ್ದರಿಂದ ಕಾವಲಿನ ನರ್ಸು ಆಗ ಹೊರಗೆ ಕೂತು ಸ್ವೆಟರ್ ಹೆಣೆಯುತ್ತಿರುತ್ತಾಳೆ. ಡಾಕ್ಟರು ಆರ್ವೋನ ಎದೆ ಬಡಿತ ಕೇಳಿ, ರಕ್ತದೊತ್ತಡ ನೋಡಿ, ಅವನೊಡನೆ ಮೀನು ಹಿಡಿಯುವ ಮಾತಾಡುತ್ತಾರೆ. ಆರ್ವೋ ಅವರನ್ನು ದೇವರ ಹಾಗೆ ನೋಡುತ್ತಾನೆ.

"ನೀನು ಹೇಗಿದೀಯ ಹೆಲ್ವಿ?" ಎನ್ನುತ್ತಾರೆ ಡಾಕ್ಟರು, ಮದ್ದಿನ ಚೀಟಿ ಬರೆಯುತ್ತಾ.

"ಚೆನ್ನಾಗಿದೀನಿ ಡಾಕ್ಟ್ರೇ," ಎನ್ನುತ್ತಾಳೆ ಹೆಲ್ವಿ, ಕೈಚಾಚಿ ಚೀಟಿ ತೆಗೆದುಕೊಳ್ಳುತ್ತಾಳೆ.

ಜೋಸೀ ಮಗಳ ಶಾಲೆ ಮುಗಿಯುವ ತನಕವೂ ಕಾಯದೆ ಮೇ ತಿಂಗಳಲ್ಲಿ ಪೂರ್ವದ ಕಡೆ ಚಿಕ್ಕಮ್ಮನ ಊರಿಗೆ ಹೊರಟುಹೋದಳು. ಹೋಗುವ ಮುಂಚೆ ಹೆಲ್ವಿಗೆ ಹೇಳಲಿಲ್ಲ. ಕೌಂಟರಿನಲ್ಲಿ ಬೇರೆ ಹುಡುಗಿ ನಿಂತಿದ್ದನ್ನು ಕಂಡು ಕೇಳಿದಾಗಲೇ ಅವಳಿಗೆ ಗೊತ್ತಾದದ್ದು.